ನಮ್ಮ ಶಾಲೆಗೆ ಎಂತಹ ಗೋಡೆ ಬೇಕು?

ಸುವರ್ಣ ಮಹೋತ್ಸವವು ಕಳೆದ ಐವತ್ತು ವರ್ಷಗಳ ಸಿಂಹಾವಲೋಕನವಾಗಿರುವಂತೆ ಮುಂದಿನ ಐವತ್ತು ವರ್ಷಗಳ ಸಿದ್ಧತೆಯೂ ಆಗಿರಬೇಕು. ಈ ಶಾಲೆಯ ಸ್ಥಾಪಕರನ್ನೂ ಗುರುವೃಂದವನ್ನೂ ದಾನಿಗಳನ್ನೂ ಕುರಿತು ಬರೆಯಲು ನನಗಿಂತ ಅರ್ಹರಾದವರು ಈ ಸಂಚಿಕೆಯಲ್ಲಿದ್ದಾರೆ. ನಾನು ಇಲ್ಲಿ ಅಕ್ಷರ ಕಲಿತು, ಹೊಟ್ಟೆಪಾಡಿಗಾಗಿ ಕಟ್ಟಡ ನಿರ್ಮಾಣದ ವೃತ್ತಿಯನ್ನು ಹಿಡಿದವನು. ಆದ್ದರಿಂದ ನನಗೆ ತಿಳಿದಿರುವ ಗೋಡೆಯ ವಿಷಯವನ್ನೇ ವಾಚಕರ ಮುಂದಿಡುತ್ತೇನೆ.

ಮಹೋತ್ಸವದ ನೆನಪಿಗಾಗಿ ಹೊಸ ಕಟ್ಟಡವೊಂದನ್ನು ಕಟ್ಟಬೇಕೆಂಬ ಮಾತು ನಡೆದಿದೆ. ದೂರದ ನಗರಗಳಲ್ಲಿ ನೆಲೆಸಿರುವ ಕೆಲವು ಹಳೆಯ ವಿದ್ಯಾರ್ಥಿಗಳು, ಪ್ಲಾಸ್ಟಿಕ್ಕಿನ ಅಚ್ಚಿನೊಳಗೆ ಕಾಂಕ್ರೀಟು ಸುರಿದು ಆ ಅಚ್ಚನ್ನು ಅಲ್ಲಿಯೇ ಶಾಶ್ವತವಾಗಿ ಬಿಟ್ಟುಬಿಡುವ ನೂತನ ವಿಧಾನದಿಂದ ತರಗತಿಗಳನ್ನು ಕಟ್ಟಿಸೋಣವೆಂದು ಸೂಚಿಸಿದ್ದಾರೆ. ಊರಿನ ಹಿರಿಯರು ಕೆಲವರು ‘ಪ್ಲಾಸ್ಟಿಕ್ ಗೋಡೆಯೇ?’ ಎಂದು ನಕ್ಕಿದ್ದಾರೆ. ಈ ಉತ್ಸಾಹವೂ ಆ ನಗೆಯೂ ಅರ್ಧ ಸರಿ ಎಂಬುದು ನನ್ನ ನಮ್ರ ಅಭಿಪ್ರಾಯ. ಈ ವಿಧಾನವು ನಮ್ಮ ಸೀಮೆಗೆ ಖಂಡಿತವಾಗಿಯೂ ಉಪಯುಕ್ತ. ಆದರೆ ಅದನ್ನು ಮೊದಲು ಶೌಚಾಲಯಕ್ಕೂ ನೀರಿನ ಕೋಣೆಗೂ ಬಳಸಿ ನೋಡಬೇಕು. ಮಕ್ಕಳು ದಿನವಿಡೀ ಕುಳಿತುಕೊಳ್ಳುವ ತರಗತಿಗೆ ಈಗಲೇ ಬಳಸಬಾರದು. ಹೀಗೇಕೆ ಹೇಳುತ್ತೇನೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಪರಿಸ್ಥಿತಿಯನ್ನು ನೋಡೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗವು ಅನಂತಪುರ ಜಿಲ್ಲೆಗೆ ಬಂದಿತು. ಅದಕ್ಕೂ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ, 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಇವೆರಡು ಊರುಗಳ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಒಳಚಾಚಿ ನಿಂತಿದೆ. ಜಿಲ್ಲೆಯ ಹೆಸರು ಯಾವುದಾದರೂ ಎರಡೂ ಕಡೆಯ ಕನ್ನಡ ಶಾಲೆಗಳ ಕಷ್ಟ ಒಂದೇ. ಕಟ್ಟಡದ ಹಣ ಬರುವುದು ಅಪರೂಪ. ಬಂದ ಹಣ ಒಮ್ಮೆ ತಪ್ಪು ಕೆಲಸಕ್ಕೆ ಹೋದರೆ ಮತ್ತೊಂದು ತಲೆಮಾರು ಕಾಯಬೇಕು. ಗೋಡೆ ಬಿರುಕು ಬಿಟ್ಟ ಶಾಲೆಯಿಂದ ಪೋಷಕರು ಮಕ್ಕಳನ್ನು ಬಿಡಿಸಿ ಬಸ್ಸು ಬರುವ ಬೇರೆ ಶಾಲೆಗೆ ಕಳುಹಿಸುತ್ತಾರೆ. ಗಡಿನಾಡಿನಲ್ಲಿ ಮಕ್ಕಳ ಸಂಖ್ಯೆ ಇಳಿದರೆ ಶಾಲೆ ಉಳಿಯುವುದಿಲ್ಲ. ಶಾಲೆ ಹೋದರೆ ಆ ಊರಿನಲ್ಲಿ ಕನ್ನಡವು ಅಡುಗೆಮನೆಯ ಮಾತಾಗಿ ಮಾತ್ರ ಉಳಿಯುತ್ತದೆ. ಆದ್ದರಿಂದ ಗೋಡೆಯ ಪ್ರಶ್ನೆಯನ್ನು ಕೇವಲ ಗುತ್ತಿಗೆದಾರರಿಗೆ ಬಿಟ್ಟುಬಿಡುವಂತಿಲ್ಲ.

ಇನ್ನು ಈ ವಿಧಾನವೇನೆಂದು ತಿಳಿಯೋಣ. ಸಾಮಾನ್ಯವಾಗಿ ಕಾಂಕ್ರೀಟಿನ ಗೋಡೆ ಎಬ್ಬಿಸಬೇಕಾದರೆ ಹಲಗೆ ಅಥವಾ ಕಬ್ಬಿಣದ ತಗಡುಗಳಿಂದ ಅಚ್ಚು ಕಟ್ಟಿ, ಉಕ್ಕಿನ ಸರಳುಗಳನ್ನು ನಿಲ್ಲಿಸಿ, ಕಾಂಕ್ರೀಟು ಸುರಿದು, ಅದು ಗಟ್ಟಿಯಾದ ಮೇಲೆ ಅಚ್ಚನ್ನು ಬಿಚ್ಚುತ್ತಾರೆ. ನಮ್ಮ ಮೇಸ್ತ್ರಿಗಳು ಇದನ್ನು ‘ಸೆಂಟ್ರಿಂಗ್’ ಎನ್ನುತ್ತಾರೆ. ಹೊಸ ವಿಧಾನದಲ್ಲಿ ಅಚ್ಚನ್ನು ಬಿಚ್ಚುವ ಮಾತಿಲ್ಲ. ನೀರಿನ ಕೊಳವೆಗಳಿಗೆ ಬಳಸುವ ಪಿ.ವಿ.ಸಿ. ವಸ್ತುವಿನಿಂದಲೇ ಟೊಳ್ಳಾದ ಉದ್ದನೆಯ ಫಲಕಗಳನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಒಂದರ ಅಂಚು ಮತ್ತೊಂದರ ತೋಡಿನೊಳಗೆ ಜಾರಿ ಕೂರುತ್ತದೆ. ಎರಡು ಮುಖಗಳನ್ನು ಜೋಡಿಸುವ ಒಳಪಟ್ಟಿಗಳಲ್ಲಿ ರಂಧ್ರಗಳಿರುವುದರಿಂದ ಸುರಿದ ಕಾಂಕ್ರೀಟು ಒಂದು ಅಂಕಣದಿಂದ ಇನ್ನೊಂದಕ್ಕೆ ಹರಿದು ಇಡೀ ಗೋಡೆ ಒಂದೇ ಬಂಡೆಯಂತಾಗುತ್ತದೆ. ಒಳಗೆ ಸರಳು, ಕಾಂಕ್ರೀಟು. ಹೊರಗೆ ನುಣುಪಾದ ಪ್ಲಾಸ್ಟಿಕ್ಕು. ಗಿಲಾವು ಬೇಡ, ಸುಣ್ಣಬಣ್ಣ ಬೇಡ.

ಈ ಪದ್ಧತಿಯನ್ನು ಕೆನಡಾ ದೇಶದ ರಾಯಲ್ ಸಂಸ್ಥೆಯು 1990ರ ದಶಕದಲ್ಲಿ ಹಲವು ದೇಶಗಳಿಗೆ ಪರಿಚಯಿಸಿತು. ನಮ್ಮ ದೇಶದಲ್ಲಿ ಇದು ಹೆಚ್ಚು ಜನರ ಗಮನಕ್ಕೆ ಬಂದುದು 2021ರ ಜನವರಿ 1ರಂದು ಪ್ರಧಾನಮಂತ್ರಿಗಳು ಆರು ನಗರಗಳಲ್ಲಿ ‘ಲೈಟ್ ಹೌಸ್’ ವಸತಿ ಯೋಜನೆಗಳಿಗೆ ಅಡಿಗಲ್ಲು ಇಟ್ಟಾಗ. ಒಂದೊಂದು ನಗರಕ್ಕೆ ಒಂದೊಂದು ಹೊಸ ನಿರ್ಮಾಣ ವಿಧಾನವನ್ನು ಆರಿಸಲಾಯಿತು. ಲಖನೌ ನಗರದ 1,040 ಮನೆಗಳಿಗೆ ಈ ಪ್ಲಾಸ್ಟಿಕ್ ಅಚ್ಚಿನ ವಿಧಾನ ಗೊತ್ತಾಯಿತು. ಅಲ್ಲಿ ಅಂತಸ್ತುಗಳ ಭಾರ ಹೊರಲು ಬೇರೆಯಾಗಿ ಉಕ್ಕಿನ ಚೌಕಟ್ಟು ಇದೆ ಎಂಬುದನ್ನು ಮಾತ್ರ ಮರೆಯಬಾರದು. ‘ಲಖನೌದಲ್ಲಿ ಕಟ್ಟಿದ್ದಾರೆ, ಇಲ್ಲಿ ಏಕಾಗದು?’ ಎಂದು ಕೇಳುವವರು ಅಲ್ಲಿ ಕಟ್ಟಿದ್ದು ಏನನ್ನು ಎಂದೂ ಕೇಳಬೇಕು.

ಈ ವಿಧಾನದ ಪರವಾಗಿ ನನ್ನ ಮೊದಲ ವಾದ ನೀರಿನದು. ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ. ನೀರು ಬೇಗ ಆರಿಹೋದರೆ ಆ ಕೂಡಿಕೆ ಅರ್ಧಕ್ಕೆ ನಿಂತು ಗೋಡೆ ಬಡವಾಗುತ್ತದೆ. ಆದಕಾರಣ ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456, ಒಣಹವೆ ಮತ್ತು ಬಿಸಿಲಿನ ಪ್ರದೇಶಗಳಲ್ಲಿ ಕನಿಷ್ಠ 10 ದಿನ ಕಾಂಕ್ರೀಟನ್ನು ತೇವವಾಗಿ ಇಡಬೇಕೆಂದು ವಿಧಿಸುತ್ತದೆ. ಬೂದಿ ಬೆರೆತ ಸಿಮೆಂಟಾದರೆ 14 ದಿನಗಳಿಗೆ ವಿಸ್ತರಿಸುವುದು ಒಳ್ಳೆಯದೆನ್ನುತ್ತದೆ. ಇಟ್ಟಿಗೆಯ ಗೋಡೆಯಾದರೆ ಇಟ್ಟಿಗೆ ನೆನೆಸಲು ನೀರು, ಗಾರೆಗೆ ನೀರು, ಗೋಡೆಗೆ ನೀರು, ಗಿಲಾವಾದ ಮೇಲೆ ಮತ್ತೆ ನೀರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನು ಕಾಣುವ, ಅದೂ ಕೈಕೊಡುವ ಅನಂತಪುರದ ಸೀಮೆಯಲ್ಲಿ ಬೇಸಿಗೆಯ ಕಟ್ಟಡಕ್ಕೆ ಯಾರು ಅಷ್ಟು ನೀರುಣಿಸುತ್ತಾರೆ? ರಜೆಯಲ್ಲಿ ಶಾಲೆಯ ಕಟ್ಟಡ ಏಳುತ್ತದೆ. ರಜೆಯಲ್ಲೇ ಕೊಳವೆಬಾವಿ ಬತ್ತುತ್ತದೆ. ಎರಡು ದಿನ ನೀರು ಚಿಮುಕಿಸಿ ಮೂರನೆಯ ದಿನ ಮರೆತ ಗೋಡೆಗಳೇ ನಮ್ಮಲ್ಲಿ ಹೆಚ್ಚು.

ಒಂದು ಲೆಕ್ಕ ಮಾಡಿ ನೋಡೋಣ. ಚಿಕ್ಕ ಶೌಚಾಲಯದ ಗೋಡೆಗಳ ಒಟ್ಟು ಉದ್ದ 20 ಮೀಟರ್, ಎತ್ತರ 2.4 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದಕ್ಕೆ 7.2 ಘನಮೀಟರ್ ಕಾಂಕ್ರೀಟು ಬೇಕು. ಘನಮೀಟರಿಗೆ 180 ಲೀಟರಿನಂತೆ ಕಲಸಲು ಬೇಕಾಗುವ ನೀರು ಸುಮಾರು 1,300 ಲೀಟರ್. ಅದೇ ಗೋಡೆಯನ್ನು ಸಾಮಾನ್ಯ ಅಚ್ಚಿನಲ್ಲಿ ಕಟ್ಟಿ, ದಿನಕ್ಕೆ 200 ಲೀಟರಿನ ಐದು ಪೀಪಾಯಿಗಳಂತೆ 10 ದಿನ ನೀರುಣಿಸಿದರೆ 10,000 ಲೀಟರ್ ಬೇಕಾಗುತ್ತದೆ. ಪ್ಲಾಸ್ಟಿಕ್ ಅಚ್ಚಿನಲ್ಲಿ ಕಾಂಕ್ರೀಟು ಎರಡೂ ಕಡೆ ಮುಚ್ಚಿಕೊಂಡಿರುವುದರಿಂದ ಕಲಸಿದ ನೀರು ಹೊರಗೆ ಹೋಗದೆ ತನ್ನ ಕೆಲಸ ಮಾಡುತ್ತದೆ. ಗೋಡೆಯ ನೆತ್ತಿಗೆ ಒದ್ದೆಗೋಣಿ ಹೊದಿಸಿದರೆ ಸಾಕು.

ಇದರಲ್ಲಿ ಇನ್ನೊಂದು ಲಾಭವಿದೆ. ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂದು ಅದೇ ಮಾನಕ ಹೇಳುತ್ತದೆ. ಮೀರಿದರೆ ಸರಳು ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ನಮ್ಮ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಸವಳು. 10,000 ಲೀಟರ್ ಸಿಹಿನೀರು ತರಿಸುವುದು ಶಾಲೆಗೆ ಹೊರೆ. 1,300 ಲೀಟರ್ ತರಿಸುವುದು ಒಂದು ಚಿಕ್ಕ ಟ್ಯಾಂಕರಿನ ಮಾತು. ಎರೆಭೂಮಿಯಲ್ಲಿ ಇಟ್ಟಿಗೆಯ ಹಗುರವಾದ ಶೌಚಾಲಯಗಳು ಮಳೆಗಾಲದಲ್ಲಿ ನೆಲ ಉಬ್ಬಿ, ಬೇಸಿಗೆಯಲ್ಲಿ ನೆಲ ಬಿರಿದು, ಮೂಲೆಯಿಂದ ಮೂಲೆಗೆ ಸೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಸರಳು ಕಟ್ಟಿದ ಏಕಶಿಲೆಯಂತಹ ಗೋಡೆ, ತಳಪಾಯವೂ ತಕ್ಕಂತಿದ್ದರೆ, ಆ ಎಳೆದಾಟವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಒದ್ದೆಯಾಗಿಯೇ ಇರುವ ಜಾಗದಲ್ಲಿ ಗಿಲಾವು ಉದುರುವ ಚಿಂತೆಯಿಲ್ಲ. ಒಂದು ಬಕೆಟ್ ನೀರಿನಲ್ಲಿ ಗೋಡೆಯನ್ನು ತೊಳೆಯಬಹುದು.

ಹಾಗಿದ್ದರೆ ತರಗತಿಗೂ ಅದೇ ಗೋಡೆ ಏಕಾಗದು? ನನ್ನ ಮೊದಲ ಆಕ್ಷೇಪ ಶಾಖದ್ದು. ನಮ್ಮ ಹಿರಿಯರು ಕಟ್ಟಿದ ಮಾಳಿಗೆಮನೆಗಳಲ್ಲಿ ಒಂದೂವರೆ, ಎರಡು ಅಡಿ ದಪ್ಪದ ಕಲ್ಲುಗೋಡೆ, ಮರದ ತೊಲೆಗಳು, ಅವುಗಳ ಮೇಲೆ ಚೌಳುಮಣ್ಣಿನ ದಪ್ಪ ಹೊದಿಕೆ ಇರುತ್ತಿದ್ದವು. ಮಧ್ಯಾಹ್ನದ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ಹೊಸ ಗೋಡೆಯ ದಪ್ಪ ಅರ್ಧ ಅಡಿ. ಕಾಂಕ್ರೀಟು ಸುಟ್ಟ ಇಟ್ಟಿಗೆಗಿಂತ ಸುಮಾರು ಎರಡು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ಕು ಅದನ್ನು ಹೆಚ್ಚೇನೂ ತಡೆಯಲಾರದು. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ಮಗು ಶೌಚಾಲಯದಲ್ಲಿರುವುದು ಐದು ನಿಮಿಷ. ತರಗತಿಯಲ್ಲಿರುವುದು ಆರು ಗಂಟೆ. ಶಾಖನಿರೋಧಕ ಪದರವಿರುವ ಫಲಕಗಳೂ ಉಂಟು, ಆದರೆ ವೆಚ್ಚ ಏರುತ್ತದೆ. ಒಂದೇ ಅಂತಸ್ತಿನ ಕಟ್ಟಡಕ್ಕೆ ಹೆಚ್ಚಿನ ಶಾಖ ಬರುವುದು ಮಾಳಿಗೆಯಿಂದ. ಗೋಡೆಗೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಮಾಳಿಗೆಯ ಮೇಲಿನ ಬಿಳಿಯ ಲೇಪಕ್ಕೂ ಅಗಲವಾದ ಪಡಸಾಲೆಗೂ ಇಟ್ಟರೆ ಮಕ್ಕಳಿಗೆ ಹೆಚ್ಚು ಉಪಕಾರ.

ಎರಡನೆಯ ಆಕ್ಷೇಪ ಬೆಂಕಿಯದು. ಪಿ.ವಿ.ಸಿ. ತಾನಾಗಿ ಧಗಧಗನೆ ಉರಿಯುವ ವಸ್ತುವಲ್ಲ. ಜ್ವಾಲೆ ದೂರವಾದರೆ ಬಹುಮಟ್ಟಿಗೆ ಆರುತ್ತದೆ. ಆದರೆ ಸುಡುವಾಗ ಅದು ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲವನ್ನೂ ದಟ್ಟವಾದ ಹೊಗೆಯನ್ನೂ ಬಿಡುತ್ತದೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಹೊತ್ತಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಅಲ್ಲಿ ಉರಿದದ್ದು ಗರಿಯ ಮಾಡು, ಪ್ಲಾಸ್ಟಿಕ್ಕಲ್ಲ. ಆದರೂ ಇಕ್ಕಟ್ಟಿನ ಕೋಣೆಯಲ್ಲಿ ಮಕ್ಕಳನ್ನು ತುಂಬಿದ ಕಟ್ಟಡದ ಒಳಮೈ ಯಾವುದರಿಂದ ಆಗಿದೆ ಎಂಬುದು ಸಣ್ಣ ಮಾತಲ್ಲವೆಂದು ಆ ದಿನ ನಮಗೆ ಕಲಿಸಿತು. ಆ ದುರಂತದ ಬೆನ್ನಲ್ಲೇ ಹೂಡಲಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮಗಳನ್ನು ಪಾಲಿಸಬೇಕೆಂದು ಆದೇಶಿಸಿತು. ಶೌಚಾಲಯದಲ್ಲಿ ಹೊತ್ತಿಕೊಳ್ಳಲು ಏನೂ ಇರುವುದಿಲ್ಲ. ತರಗತಿಯಲ್ಲಿ ಪುಸ್ತಕ, ಬೆಂಚು, ವಿದ್ಯುತ್ ತಂತಿ ಎಲ್ಲವೂ ಇರುತ್ತವೆ.

ಮೂರನೆಯ ಆಕ್ಷೇಪವೇ ನನ್ನ ದೃಷ್ಟಿಯಲ್ಲಿ ಮುಖ್ಯವಾದುದು. ಮಡಕಶಿರಾ ಸೀಮೆಯ ಹೇಮಾವತಿಗೆ ಹೋದವರು ನೊಳಂಬರ ಕಾಲದ ಕರಿಯ ಕಲ್ಲಿನ ಕಂಬಗಳ ನುಣುಪನ್ನು ಮುಟ್ಟಿ ನೋಡಿರುತ್ತಾರೆ. ಆ ಶಿಲ್ಪಿಯ ಉಳಿ ತಪ್ಪಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಈ ಹೊಸ ಗೋಡೆಯೂ ನುಣುಪೇ. ಆದರೆ ಇದರ ನುಣುಪು ಕಾರ್ಖಾನೆಯದು, ಒಳಗಿನ ಕೆಲಸಕ್ಕೆ ಅದು ಸಾಕ್ಷಿಯಾಗದು. ಸಾಮಾನ್ಯ ಅಚ್ಚನ್ನು ಬಿಚ್ಚಿದಾಗ ಕಾಂಕ್ರೀಟು ಸರಿಯಾಗಿ ಇಳಿಯದಿದ್ದ ಕಡೆ ಜೇನುಗೂಡಿನಂತಹ ತೂತುಗಳು ಕಾಣಿಸುತ್ತವೆ. ಕಂಡ ತಪ್ಪನ್ನು ತಿದ್ದಿಸಬಹುದು. ಇಲ್ಲಿ ಅಚ್ಚು ಬಿಚ್ಚುವುದೇ ಇಲ್ಲವಾದ್ದರಿಂದ ಕಳಪೆ ಕೆಲಸವೂ ಉತ್ತಮ ಕೆಲಸವೂ ಹೊರಗೆ ಒಂದೇ ರೀತಿ ಹೊಳೆಯುತ್ತವೆ.

ಸುರಿಯುವ ಕೆಲಸವೂ ಸುಲಭವಲ್ಲ. ಹಸಿ ಕಾಂಕ್ರೀಟು ಘನಮೀಟರಿಗೆ ಸುಮಾರು 2,400 ಕಿಲೋಗ್ರಾಂ ತೂಗುತ್ತದೆ. ಮೂರು ಮೀಟರ್ ಎತ್ತರದ ಗೋಡೆಯನ್ನು ಒಂದೇ ಉಸಿರಿನಲ್ಲಿ ತುಂಬಿದರೆ ಬುಡದಲ್ಲಿ ಅಚ್ಚಿನ ಪ್ರತಿ ಚದರ ಮೀಟರಿನ ಮೇಲೆ ಏಳು ಟನ್ನಿನಷ್ಟು ಒತ್ತಡ ಬೀಳುತ್ತದೆ. ಫಲಕ ಉಬ್ಬುತ್ತದೆ ಇಲ್ಲವೆ ಸೀಳುತ್ತದೆ. ಆದ್ದರಿಂದ ಹಂತಹಂತವಾಗಿ, ಸುತ್ತಲೂ ಸಮನಾಗಿ ತುಂಬಬೇಕು. 1.5 ಮೀಟರಿಗಿಂತ ಎತ್ತರದಿಂದ ಕಾಂಕ್ರೀಟನ್ನು ಬೀಳಿಸಿದರೆ ಜಲ್ಲಿ ಬೇರೆ, ಗಾರೆ ಬೇರೆಯಾಗುವ ಭಯವಿದೆ. ಜಲ್ಲಿ ಸಣ್ಣದಾಗಿರಬೇಕು, ಮಿಶ್ರಣ ಸರಾಗವಾಗಿ ಹರಿಯಬೇಕು. ಆದರೆ ಹರಿಯಲೆಂದು ಕೊಡಗಟ್ಟಲೆ ನೀರು ಸುರಿದರೆ ಗೋಡೆಯ ಬಲವೇ ಹೋಗುತ್ತದೆ. ಹೀಗೆ ಈ ಗೋಡೆಯ ಹಣೆಬರಹವು ಕಾಂಕ್ರೀಟು ಸುರಿಯುವ ಆ ಒಂದು ದಿನದಲ್ಲಿ ಬರೆಯಲ್ಪಡುತ್ತದೆ. ಆ ದಿನ ತಿಳಿದವರು ಎದುರಿಗೆ ನಿಂತಿರದಿದ್ದರೆ ಅದು ಒಳ್ಳೆಯ ಗೋಡೆಯೋ ಕೆಟ್ಟ ಗೋಡೆಯೋ ಎಂದು ಹೊರಗಿನ ನೋಟದಿಂದ ಯಾರೂ ಹೇಳಲಾರರು.

ಇನ್ನು ತರಗತಿಗೆ ಬೇರೆ ದಾರಿ ಇಲ್ಲವೇ? ಇದೆ, ಅದೂ ಹತ್ತಿರದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರವು ಆರಂಭವಾಗಿ, ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ತನ್ನ ಪ್ರಯೋಗಗಳನ್ನು ನಡೆಸಿತು. ಸ್ಥಳೀಯ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಪ್ರೊ. ಕೆ.ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಬೆಳೆಸಿದರು. ಮಡಕಶಿರಾ ಕಡೆಯ ಕೆಂಪುಮಣ್ಣು ಇದಕ್ಕೆ ಒಗ್ಗುವಂತಹುದು. ರಾಯದುರ್ಗದ ಎರೆಮಣ್ಣು ಒಗ್ಗದು, ಆದರೆ ಅಲ್ಲಿ ಕಲ್ಲಿಗೆ ಕೊರತೆಯಿಲ್ಲ. ಇಂತಹ ಗೋಡೆ ದಪ್ಪವಾಗಿರುತ್ತದೆ. ಕೂಲಿ ಊರಿನಲ್ಲೇ ಉಳಿಯುತ್ತದೆ. ಕೆಟ್ಟರೆ ಊರಿನ ಮೇಸ್ತ್ರಿಯೇ ಸರಿಪಡಿಸುತ್ತಾನೆ. ಪ್ಲಾಸ್ಟಿಕ್ ಫಲಕ ಒಡೆದರೆ ಅದೇ ಅಳತೆಯ ಫಲಕಕ್ಕಾಗಿ ದೂರದ ಕಾರ್ಖಾನೆಯನ್ನು ಹುಡುಕಬೇಕು. ಇದಕ್ಕೂ ನೀರು ಬೇಕೆಂಬುದು ನಿಜ; ಆದ್ದರಿಂದ ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳದೆ ಮಳೆಗಾಲದ ಕೊನೆಗೆ ಇಟ್ಟುಕೊಳ್ಳಬೇಕು.

ಆದಕಾರಣ ಮಹೋತ್ಸವ ಸಮಿತಿಗೆ ನನ್ನ ಸಲಹೆ ಇದು. ದಾನಿಗಳ ಉತ್ಸಾಹವನ್ನು ತಣ್ಣಗಾಗಿಸದೆ, ಈ ವಿಧಾನದಿಂದ ಮೊದಲು ಹೆಣ್ಣುಮಕ್ಕಳ ಶೌಚಾಲಯವನ್ನೂ ನೀರಿನ ಕೋಣೆಯನ್ನೂ ಕಟ್ಟಿಸೋಣ. ಆಂಧ್ರ ಸರ್ಕಾರವು 2019ರ ನವೆಂಬರ್ 14ರಂದು ಆರಂಭಿಸಿದ ‘ನಾಡು-ನೇಡು’ ಯೋಜನೆಯಲ್ಲಿ ನೀರಿನ ಸೌಕರ್ಯವಿರುವ ಶೌಚಾಲಯವನ್ನು ಅಗತ್ಯಗಳ ಸಾಲಿನಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ಹನ್ನೆರಡು, ಹದಿಮೂರು ವರ್ಷದ ಹುಡುಗಿ ಶಾಲೆ ಬಿಡುವುದಕ್ಕೆ ಕಾರಣ ಹಲವಿರಬಹುದು. ಬಾಗಿಲು ಮುಚ್ಚದ, ನೀರಿಲ್ಲದ ಶೌಚಾಲಯ ಅವುಗಳಲ್ಲಿ ಒಂದಾಗಿರಬಾರದು. ಜುಬಿಲಿ ಸಭಾಂಗಣಕ್ಕಿಂತ ಇದು ಚಿಕ್ಕ ಸ್ಮಾರಕವೆಂದು ಯಾರೂ ಭಾವಿಸಬಾರದು.

ಜೊತೆಗೆ ನಾಲ್ಕು ಷರತ್ತುಗಳನ್ನು ಬರೆದಿಟ್ಟುಕೊಳ್ಳೋಣ. ಮೊದಲನೆಯದು, ಫಲಕದಲ್ಲಿ ಸೀಸದ ಅಂಶವಿಲ್ಲವೆಂದೂ ಬಿಸಿಲನ್ನು ತಾಳುವುದೆಂದೂ ಪ್ರಮಾಣಪತ್ರ ಕೇಳಬೇಕು. ಕೇಂದ್ರ ಸರ್ಕಾರವು 2021ರಲ್ಲಿ ಸೀಸ ನಿವಾರಣೆಗಾಗಿ ಹೊರಡಿಸಿದ ನಿಯಮ ಪಿ.ವಿ.ಸಿ. ಕೊಳವೆಗಳಿಗೆ ಸಂಬಂಧಿಸಿದ್ದು, ಗೋಡೆಯ ವಿಷಯದಲ್ಲಿ ಕೇಳುವ ಹೊಣೆ ನಮ್ಮದೇ. ಎರಡನೆಯದು, ಕಲಸುವ ನೀರನ್ನು ಮುಂಚಿತವಾಗಿ ಪರೀಕ್ಷಿಸಬೇಕು. ಮೂರನೆಯದು, ಕಾಂಕ್ರೀಟು ಸುರಿಯುವ ದಿನ ಶಾಲೆಯ ಪರವಾಗಿ ಒಬ್ಬ ಇಂಜಿನಿಯರು ಆದಿಯಿಂದ ಅಂತ್ಯದವರೆಗೆ ನಿಂತಿರಬೇಕು. ಅದೇ ಮಿಶ್ರಣದ ಘನಗಳನ್ನು ಎರಕಹೊಯ್ದು 28ನೆಯ ದಿನ ಪರೀಕ್ಷೆಗೆ ಕಳುಹಿಸಬೇಕು. ನಾಲ್ಕನೆಯದು, ಗೋಡೆ ಗಟ್ಟಿಯಾದ ಮೇಲೆ ಸಮಿತಿಯು ತೋರಿಸಿದ ಮೂರು ನಾಲ್ಕು ಕಡೆ ಅಂಗೈಯಗಲ ಪ್ಲಾಸ್ಟಿಕ್ಕನ್ನು ಕತ್ತರಿಸಿ ಒಳಗಿನ ಕಾಂಕ್ರೀಟನ್ನು ಎಲ್ಲರಿಗೂ ತೋರಿಸಬೇಕು. ಯಾವ ಜಾಗವೆಂದು ಗುತ್ತಿಗೆದಾರರಿಗೆ ಮುಂಚೆ ತಿಳಿಸಬಾರದು. ಕತ್ತರಿಸಿದ ಕಿಂಡಿಗಳನ್ನು ಆಮೇಲೆ ಮುಚ್ಚಬಹುದು. ಒಂದನ್ನು ಗಾಜು ಹಾಕಿ ಹಾಗೆಯೇ ಬಿಟ್ಟರೆ ವಿಜ್ಞಾನದ ಉಪಾಧ್ಯಾಯರಿಗೆ ಪಾಠಕ್ಕಾದೀತು.

ಅನಂತರ ಒಂದು ವರ್ಷ ಕಾಯೋಣ. ಎಂಟನೆಯ ತರಗತಿಯ ಮಕ್ಕಳು ಎರಡು ಉಷ್ಣಮಾಪಕಗಳನ್ನು ಹಿಡಿದು, ಹಳೆಯ ಕಲ್ಲುಗೋಡೆಯ ಕೊಠಡಿಯಲ್ಲೂ ಹೊಸ ನೀರಿನ ಕೋಣೆಯಲ್ಲೂ ಮಧ್ಯಾಹ್ನ ಎರಡು ಗಂಟೆಯ ಶಾಖವನ್ನು ದಿನವೂ ಕನ್ನಡದಲ್ಲಿ ಬರೆದಿಡಲಿ. ಮಳೆಗಾಲದಲ್ಲಿ ಗೋಡೆಯ ಮೂಲೆಗಳನ್ನೂ ಬಾಗಿಲ ಚೌಕಟ್ಟುಗಳನ್ನೂ ನೋಡಿ ಗುರುತುಹಾಕಲಿ. ತರಗತಿಗೂ ಅದೇ ಗೋಡೆ ಆಗಬಹುದೇ ಎಂಬ ಪ್ರಶ್ನೆಗೆ ದೂರದ ಮಾರಾಟಗಾರರ ಪುಸ್ತಿಕೆಗಿಂತ ಆ ನೋಟ್‌ಪುಸ್ತಕವು ಹೆಚ್ಚು ನಂಬಲರ್ಹವಾದ ಉತ್ತರ ಕೊಡುತ್ತದೆ. ಆ ಉತ್ತರ ‘ಆಗಬಹುದು’ ಎಂದಾದರೆ ಅದನ್ನು ಸಂತೋಷದಿಂದ ಒಪ್ಪುವವರಲ್ಲಿ ನಾನೂ ಒಬ್ಬ.

ಶಾಲೆಯ ಹಣ ಮಕ್ಕಳ ಹಣ. ಅದನ್ನು ಹೊಸದೆಂಬ ಮೋಹಕ್ಕೆ ಚೆಲ್ಲುವುದೂ ಸಲ್ಲದು, ಹೊಸದೆಂಬ ಭಯಕ್ಕೆ ಕಟ್ಟಿಡುವುದೂ ಸಲ್ಲದು. ಐವತ್ತು ವರ್ಷ ಗಡಿಯಲ್ಲಿ ಕನ್ನಡದ ದೀಪವನ್ನು ಕಾಪಾಡಿದ ನಮ್ಮ ಶಾಲೆ ಈ ವಿಷಯದಲ್ಲಿಯೂ ವಿವೇಕದಿಂದ ಹೆಜ್ಜೆಯಿಟ್ಟು ನೆರೆಯ ಶಾಲೆಗಳಿಗೆ ಮಾದರಿಯಾಗಲಿ ಎಂದು ಹಾರೈಸುತ್ತೇನೆ.